ಕಾಣದ ಜೀವಿಯ ಉಡದ ಪಟ್ಟು

ಬಳುಕುವಷ್ಟು ಸಣ್ಣಗೆ ಎಳೆದ ಗಾಜಿನ ಒಂದು ಎಳೆ. ನೀರಿನಲ್ಲಿ ಮುಳುಗಿದೆ. ಅದರ ಮೈಗೆ ಒಂದು ಬ್ಯಾಕ್ಟೀರಿಯಾ ಅಂಟಿಕೊಂಡಿದೆ, ಒಂದೇ ಒಂದು. ಸೂಕ್ಷ್ಮದರ್ಶಕದ ಕೆಳಗೆ ಯಂತ್ರದ ಕೈಯೊಂದು ಕೂದಲೆಳೆಯಷ್ಟೂ ಅದುರದೆ ಹತ್ತಿರ ಬರುತ್ತದೆ, ಬ್ಯಾಕ್ಟೀರಿಯಾದ ಮೈಯನ್ನು ಹಿಡಿಯುತ್ತದೆ, ಮೆಲ್ಲಗೆ ಹಿಂದಕ್ಕೆ ಎಳೆಯುತ್ತದೆ. ಇನ್ನೇನು ಕಿತ್ತು ಬಂತು ಅನ್ನಬೇಕು. ಬರುವುದಿಲ್ಲ. ಇನ್ನೂ ಎಳೆಯುತ್ತದೆ. ಆಗಲೂ ಬರುವುದಿಲ್ಲ. ಆಗ ಬಗ್ಗುವುದು ಯಾವುದು ಗೊತ್ತೆ? ಗಾಜು! ಕಣ್ಣಿಗೆ ಕಾಣದ ಜೀವಿಯೊಂದು ತಾನು ಹಿಡಿದದ್ದನ್ನು ಬಿಡದೆ ಗಾಜನ್ನೇ ಬಿಲ್ಲಿನ ಹಾಗೆ ಬಾಗಿಸುತ್ತಿದೆ.

ಇದನ್ನು ಮೊದಲ ಸಲ ಓದಿದ ದಿನ ನಾನು ಪುಸ್ತಕ ಮುಚ್ಚಿಟ್ಟು ಎದ್ದು ಹೋಗಿ ಅಡುಗೆಮನೆಯ ನಲ್ಲಿಯ ಬಾಯಿಯನ್ನು ಬೆರಳಿನಿಂದ ಮುಟ್ಟಿ ನೋಡಿದ್ದೆ. ಒಳಗಡೆ ತೆಳ್ಳಗೆ ಲೋಳೆ. ಅಷ್ಟು ದಿನ ಅದು ನನಗೆ ಬರೀ ಕೊಳೆಯಾಗಿತ್ತು.

ಪ್ರಯೋಗದ ಫಲಿತಾಂಶ ಪ್ರಕಟವಾದದ್ದು 2006ರಲ್ಲಿ. ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ಭೌತವಿಜ್ಞಾನಿ ಜೇ ಟ್ಯಾಂಗ್, ಇಂಡಿಯಾನಾ ವಿಶ್ವವಿದ್ಯಾಲಯದ ಜೀವವಿಜ್ಞಾನಿ ಈವ್ ಬ್ರನ್ ಮತ್ತು ಅವರ ಜೊತೆಗಾರರು ಸೇರಿ ಮಾಡಿದ ಕೆಲಸ. ಅಳೆಯುವ ಉಪಾಯ ಎಷ್ಟು ಸರಳ ನೋಡಿ. ಹಳೇ ಪೇಪರ್ ಕೊಳ್ಳುವವರ ಕೈಯಲ್ಲಿ ಸ್ಪ್ರಿಂಗ್ ತಕ್ಕಡಿ ಇರುತ್ತದಲ್ಲ, ಕಟ್ಟನ್ನು ಕೊಕ್ಕೆಗೆ ನೇತುಹಾಕಿದರೆ ಸ್ಪ್ರಿಂಗ್ ಎಷ್ಟು ಹಿಗ್ಗಿತೋ ಅಷ್ಟು ತೂಕ. ಇಲ್ಲಿ ಸ್ಪ್ರಿಂಗಿನ ಜಾಗದಲ್ಲಿ ಗಾಜಿನ ಎಳೆ. ಅದನ್ನು ಇಷ್ಟು ಬಗ್ಗಿಸಲು ಇಷ್ಟು ಬಲ ಬೇಕು ಎಂದು ಮೊದಲೇ ಗೊತ್ತು ಮಾಡಿಕೊಂಡಿದ್ದರೆ ಮುಗಿಯಿತು. ಬ್ಯಾಕ್ಟೀರಿಯಾ ಕಿತ್ತು ಬರುವ ಕ್ಷಣದಲ್ಲಿ ಗಾಜು ಎಷ್ಟು ಬಾಗಿತ್ತು ಎಂದು ನೋಡಿದರೆ ಅದೇ ಅದರ ಹಿಡಿತದ ಲೆಕ್ಕ.

ಹೀಗೆ 14 ಕೋಶಗಳನ್ನು ಒಂದೊಂದಾಗಿ ಎಳೆದು ನೋಡಿದರು. ಹಿಡಿತ ಬಿಡಿಸಲು ಬೇಕಾದ ಬಲ 0.11 ಮೈಕ್ರೋನ್ಯೂಟನ್‌ನಿಂದ 2.26 ಮೈಕ್ರೋನ್ಯೂಟನ್‌ವರೆಗೆ ಬಂತು. ಸರಾಸರಿ 0.59. ಒಂದೇ ಜಾತಿಯ, ಒಂದೇ ಅಳತೆಯ ಜೀವಿಗಳಲ್ಲಿ ಒಂದಕ್ಕಿಂತ ಇನ್ನೊಂದರ ಪಟ್ಟು ಇಪ್ಪತ್ತು ಪಾಲು ಬಲವಾಗಿತ್ತು ಎಂಬುದೇ ನನಗೆ ಮೊದಲ ಬೆರಗು. ಆದರೆ ಮೈಕ್ರೋನ್ಯೂಟನ್ ಎಂದರೆ ಎಷ್ಟು? ಆ 0.59ರ ಸರಾಸರಿಯನ್ನು ತೂಕಕ್ಕೆ ತಿರುಗಿಸಿದರೆ ಒಂದು ಸಕ್ಕರೆ ಹರಳಿನಷ್ಟೂ ಆಗುವುದಿಲ್ಲ. ಇಷ್ಟೇನಾ ಎನ್ನುವ ಮೊದಲು ಎಳೆದಾಡಿದ ಆಳನ್ನೂ ನೋಡಬೇಕು. ಆ ಕೋಶದ ಉದ್ದ ಮೀಟರಿನ ಹತ್ತು ಲಕ್ಷದಲ್ಲಿ ಎರಡು ಪಾಲು. ಒಂದರ ಹಿಂದೊಂದು ಮಲಗಿಸುತ್ತ ಹೋದರೆ ಒಂದು ಮಿಲಿಮೀಟರಿನಲ್ಲಿ 500 ಕೋಶಗಳು ಹಿಡಿಸುತ್ತವೆ. ಅಷ್ಟು ಪುಟ್ಟ ಜೀವಿಯ ತೂಕವನ್ನು ಅಂದಾಜು ಹಾಕಿ ಭಾಗಿಸಿ ನೋಡಿದೆ. ತನ್ನ ತೂಕದ ಹತ್ತು ಕೋಟಿ ಪಟ್ಟಿಗೂ ಹೆಚ್ಚಿನ ಎಳೆತವನ್ನು ಅದು ತಡೆದುಕೊಂಡಿದೆ. ತಪ್ಪಿರಬೇಕು ಅಂತ ಮತ್ತೆ ಭಾಗಿಸಿದೆ. ಹತ್ತು ಕೋಟಿಯೇ.

ಅಂಟಿಕೊಂಡ ಜಾಗ ಎಷ್ಟು ಕಿರಿದು ಎಂದು ಹಿಡಿದು ಲೆಕ್ಕ ಹಾಕಿದಾಗಂತೂ ಆ ವಿಜ್ಞಾನಿಗಳಿಗೂ ಕಣ್ಣು ಕತ್ತಲೆ ಬಂದಿರಬೇಕು. ಅಂಟಿನ ನಡುಭಾಗದಲ್ಲಿ ಒಂದು ಚದರ ಮಿಲಿಮೀಟರಿಗೆ 68 ನ್ಯೂಟನ್‌ಗಿಂತ ಹೆಚ್ಚು. ಅಂದರೆ ಸಾಸಿವೆ ಕಾಳು ಕೂರುವಷ್ಟು ಜಾಗಕ್ಕೆ ಏಳು ಕಿಲೋ ತೂಗುವ ಬಲ. ನಿಮ್ಮ ಕಿರುಬೆರಳಿನ ಉಗುರಿನಷ್ಟು, ಒಂದು ಚದರ ಸೆಂಟಿಮೀಟರ್ ಜಾಗಕ್ಕೆ ಆ ಅಂಟನ್ನು ಬಳಿದರೆ ಲೆಕ್ಕದ ಪ್ರಕಾರ ಸುಮಾರು 700 ಕಿಲೋ ನೇತುಹಾಕಬಹುದು. ಹಳೆಯ ಮಾರುತಿ 800 ಕಾರು ತೂಗುತ್ತಿದ್ದದ್ದು ಅಷ್ಟರ ಆಸುಪಾಸೇ. ಉಗುರಿನಷ್ಟು ಅಂಟಿನಲ್ಲಿ ಇಡೀ ಕಾರು! ಬೆರಳಿಗೆ ಬೆರಳು ಅಂಟಿಸಿ ಫಜೀತಿ ಮಾಡುವ ಸೂಪರ್ ಗ್ಲೂ ಕೂಡ ಇದರ ಅರ್ಧಕ್ಕೂ ಬರುವುದಿಲ್ಲ. ಅಲ್ಲಿಯವರೆಗೆ ಅಳೆದಿದ್ದ ಜೀವಜನ್ಯ ಅಂಟುಗಳಲ್ಲೆಲ್ಲ ಇದೇ ಬಲಶಾಲಿ ಎಂದು ಅವರು ಬರೆದರು. ಅಳತೆ ನಡೆದದ್ದು ಸೂಜಿಮೊನೆಗಿಂತ ಎಷ್ಟೋ ಚಿಕ್ಕ ಜಾಗದಲ್ಲಿ, ಅದನ್ನು ಕಾರಿನವರೆಗೆ ಹಿಗ್ಗಿಸಿದ್ದು ಕಾಗದದ ಮೇಲೆ, ನಿಜ. ಆದರೂ ಇದು ನೀರಿನೊಳಗೆ ಹಿಡಿಯುವ ಅಂಟು. ಒದ್ದೆ ಗೋಡೆಗೆ ಒಂದು ಪೋಸ್ಟರ್ ಹಚ್ಚಲು ಹೋಗಿ ಸೋತವರಿಗೆ ಇದರ ಬೆಲೆ ಗೊತ್ತಾಗುತ್ತದೆ.

ಯಾರು ಈ ಪೈಲ್ವಾನ? ಹೆಸರು ಕಾಲೊಬ್ಯಾಕ್ಟರ್ ಕ್ರೆಸೆಂಟಸ್. ಲ್ಯಾಟಿನ್‌ನಲ್ಲಿ ಕಾಲಿಸ್ ಎಂದರೆ ಕಾಂಡ. ಬಿದಿಗೆ ಚಂದ್ರನ ಹಾಗೆ ಬಾಗಿದ ಮೈ, ಅದರಿಂದ ಹೊರಟ ಸಣ್ಣದೊಂದು ಕಾಂಡ, ಕಾಂಡದ ತುದಿಯಲ್ಲಿ ಚುಕ್ಕೆಯಷ್ಟು ಅಂಟು. ಹೊಳೆ, ಕೆರೆ, ತಿಳಿನೀರಿನ ತೊರೆ, ಎಲ್ಲಿ ತಿನ್ನಲು ಹೆಚ್ಚೇನೂ ಸಿಗುವುದಿಲ್ಲವೋ ಅಲ್ಲಿ ಇದರ ವಾಸ. ನಮಗೆ ಕಾಯಿಲೆ ತರುವ ಜಾತಿಯಲ್ಲ. ನೀರಿಗೆ ಹೊಸದಾಗಿ ಏನೇ ಮುಳುಗಲಿ, ಕಲ್ಲೋ ಕಬ್ಬಿಣವೋ ಪ್ಲಾಸ್ಟಿಕ್ಕೋ, ಅದರ ಮೇಲೆ ಬಂದು ಬೀಡು ಬಿಡುವ ಮೊದಲಿಗರಲ್ಲಿ ಇದೂ ಒಂದು.

ಇದನ್ನು ಮೊದಲು ಸರಿಯಾಗಿ ಕಂಡವರ ಕಥೆಯೂ ಗಾಜಿನದ್ದೇ. ಮಿನ್ನೆಸೋಟ ವಿಶ್ವವಿದ್ಯಾಲಯದ ಆರ್ಥರ್ ಹೆನ್ರಿಸಿ 1930ರ ದಶಕದಲ್ಲಿ ಸೂಕ್ಷ್ಮದರ್ಶಕದ ಗಾಜಿನ ಸ್ಲೈಡುಗಳನ್ನು ನೀರಿನಲ್ಲಿ ಮುಳುಗಿಸಿಟ್ಟು, ದಿನಗಳ ನಂತರ ತೆಗೆದು, ಬಣ್ಣ ಹಾಕಿ ನೋಡಿದರು. ಅಲ್ಲಿಯವರೆಗೆ ನೀರಿನ ಬ್ಯಾಕ್ಟೀರಿಯಾ ಎಂದರೆ ನೀರಿನಲ್ಲಿ ತೇಲುವ ಜೀವಿ ಎಂದೇ ಬಹುತೇಕರ ಭಾವನೆ. ಬಾಟಲಿಯಲ್ಲಿ ನೀರು ತುಂಬಿಕೊಂಡು ಬಂದು ಎಣಿಸಿದರೆ ಸಿಗುವುದು ತೇಲುವವೇ ತಾನೆ. ಹೆನ್ರಿಸಿಯ ಗಾಜಿನ ಮೇಲೆ ಮಾತ್ರ ಊರಿಗೆ ಊರೇ ಕಟ್ಟಿಕೊಂಡಿತ್ತು! ಸಿಹಿನೀರಿನ ಬ್ಯಾಕ್ಟೀರಿಯಾ ಹೆಚ್ಚಾಗಿ ಬಾಳುವುದು ತೇಲುತ್ತಲ್ಲ, ಎಲ್ಲಾದರೂ ಅಂಟಿಕೊಂಡು ಎಂದು ಅವರು 1933ರಲ್ಲಿ ಬರೆದರು. ಎರಡು ವರ್ಷದ ನಂತರ ಜಾನ್ಸನ್ ಎಂಬ ಜೊತೆಗಾರರೊಡನೆ ಕಾಂಡವುಳ್ಳ ಬ್ಯಾಕ್ಟೀರಿಯಾಗಳನ್ನು ವಿವರಿಸಿ ಕಾಲೊಬ್ಯಾಕ್ಟರ್ ಎಂಬ ಹೆಸರು ಕೊಟ್ಟರು. ಅದಕ್ಕೂ ಇನ್ನೂರೈವತ್ತು ವರ್ಷ ಹಿಂದೆ, 1683ರಲ್ಲಿ, ಡೆಲ್ಫ್ಟ್ ಊರಿನ ಬಟ್ಟೆ ವ್ಯಾಪಾರಿ ಲೇವನ್‌ಹುಕ್ ತನ್ನ ಹಲ್ಲಿನ ಸಂದಿಯಿಂದ ಕೆರೆದ ಬಿಳಿ ಹಿಟ್ಟಿನಲ್ಲಿ ಓಡಾಡುವ ಜೀವಿಗಳನ್ನು ಕಂಡಿದ್ದ. ಅವೂ ಅಂಟಿಕೊಂಡವೇ. ಮನುಷ್ಯ ಬ್ಯಾಕ್ಟೀರಿಯಾವನ್ನು ನೋಡಲು ಕಲಿತ ಹೊಸದರಲ್ಲೇ ಅವನ ಕಣ್ಣಿಗೆ ಬಿದ್ದದ್ದು ಒಂದು ಅಂಟು.

ಈಗ ಕಾಲೊಬ್ಯಾಕ್ಟರ್‌ನ ಸಂಸಾರ ನೋಡಿ. ಅಂಟಿ ಕೂತ ತಾಯಿಕೋಶ ಉದ್ದಕ್ಕೆ ಬೆಳೆದು ಎರಡಾಗುತ್ತದೆ. ಆದರೆ ಹುಟ್ಟುವ ಎರಡೂ ಒಂದೇ ಥರ ಇರುವುದಿಲ್ಲ. ಒಂದು ಕೋಶಕ್ಕೆ ಕಾಂಡ ಇದೆ, ಅದು ಕೂತಲ್ಲೇ ಉಳಿಯುತ್ತದೆ, ಮತ್ತೆ ಮತ್ತೆ ಹೆರುತ್ತದೆ. ಇನ್ನೊಂದಕ್ಕೆ ಕಾಂಡವಿಲ್ಲ, ಬದಲಿಗೆ ತಿರುಗುವ ಒಂದು ಬಾಲ. ಅದು ಈಜುತ್ತ ಹೊರಟುಬಿಡುತ್ತದೆ. ಈಜುವ ಮಗಳಿಗೆ ಒಂದು ಕಟ್ಟುಪಾಡಿದೆ. ಈಜುತ್ತಿರುವಷ್ಟು ಕಾಲ ಅವಳು ಹೆರುವಂತಿಲ್ಲ. ಬಾಲ ಕಳಚಿ, ಕಾಂಡ ಬೆಳೆಸಿದ ಮೇಲಷ್ಟೇ ಅವಳ ಸಂಸಾರ ಶುರು. ಎಲ್ಲಿ ಕೂರಬೇಕು ಎಂಬುದು ಅವಳ ಬಾಳಿನ ಒಂದೇ ತೀರ್ಮಾನ. ಒಮ್ಮೆ ಅಂಟಿದರೆ ಅಂಟಿದ ಹಾಗೆ.

ಅಂಥ ತೀರ್ಮಾನವನ್ನು ಕಣ್ಣಿಲ್ಲದ, ಮಿದುಳಿಲ್ಲದ ಒಂದು ಕೋಶ ಹೇಗೆ ತೆಗೆದುಕೊಳ್ಳುತ್ತದೆ? ಮುಟ್ಟಿದ್ದು ಗೋಡೆ ಎಂದು ಅದಕ್ಕೆ ತಿಳಿಯುವುದಾದರೂ ಹೇಗೆ? ಈ ಪ್ರಶ್ನೆ ನನ್ನನ್ನು ಎಷ್ಟೋ ರಾತ್ರಿ ಕಾಡಿದೆ. ಉತ್ತರ 2017ರಲ್ಲಿ ಬ್ರನ್ ಅವರ ಪ್ರಯೋಗಾಲಯದಿಂದಲೇ ಬಂತು. ಮೊದಲ ಲೇಖಕಿ ಕೋರ್ಟ್ನಿ ಎಲಿಸನ್. ಈಜುವ ಕೋಶದ ಒಂದು ತುದಿಯಿಂದ ಪಿಲಸ್ ಎಂಬ ಪ್ರೋಟೀನಿನ ಎಳೆಗಳು ಹೊರಬರುತ್ತವೆ, ಒಳಕ್ಕೆ ಹೋಗುತ್ತವೆ. ಸಾಮಾನ್ಯ ಸೂಕ್ಷ್ಮದರ್ಶಕಕ್ಕೂ ಕಾಣದಷ್ಟು ತೆಳು. ಎಲಿಸನ್ ಆ ಎಳೆಗಳಿಗೆ ಹೊಳೆಯುವ ಬಣ್ಣ ಅಂಟಿಕೊಳ್ಳುವ ಹಾಗೆ ಮಾಡಿದರು. ಆಗ ಕಂಡದ್ದು ಥೇಟ್ ಗಾಳ ಹಾಕುವ ದೃಶ್ಯ! ಎಸೆಯುತ್ತದೆ, ಎಳೆದುಕೊಳ್ಳುತ್ತದೆ. ಮತ್ತೆ ಎಸೆಯುತ್ತದೆ, ಎಳೆದುಕೊಳ್ಳುತ್ತದೆ. ಬರೀ ನೀರಾದರೆ ಎಳೆ ಸಲೀಸಾಗಿ ಒಳಗೆ ಬರುತ್ತದೆ. ತುದಿ ಯಾವುದಾದರೂ ಗಟ್ಟಿ ವಸ್ತುವಿಗೆ ಸಿಕ್ಕಿಕೊಂಡರೆ ಬರುವುದಿಲ್ಲ, ಬಿಗಿಯುತ್ತದೆ. ಆ ಬಿಗಿತವೇ ಸುದ್ದಿ. ಕೆಲವೇ ಕ್ಷಣಗಳಲ್ಲಿ ಎಳೆಗಳ ಚಲನೆ ನಿಂತು ಕೋಶ ಅಂಟು ಸುರಿಸಲು ತೊಡಗುತ್ತದೆ.

ಇದು ನಿಜವೇ ಎಂದು ಖಾತ್ರಿ ಮಾಡಿಕೊಳ್ಳಲು ಅವರು ಹೂಡಿದ ಉಪಾಯ ಕೇಳಿ. ಗೋಡೆಯೇ ಇಲ್ಲದ ಕಡೆ, ಬರೀ ದ್ರವದಲ್ಲಿ, ಆ ಎಳೆಗಳಿಗೆ ದಪ್ಪನೆಯ ಅಣುಗಳನ್ನು ಅಂಟಿಸಿದರು. ಗಂಟು ಬಿದ್ದ ಹಗ್ಗ ರಾಟೆಯಲ್ಲಿ ಸಿಕ್ಕಿಕೊಳ್ಳುವ ಹಾಗೆ ಎಳೆಗಳು ಒಳಗೆ ಹೋಗದೆ ಸಿಕ್ಕಿಬಿದ್ದವು. ಕೋಶ ಅದನ್ನೇ ಗೋಡೆ ಎಂದು ತಿಳಿಯಿತು. ಏನೂ ಇಲ್ಲದ ನೀರಿನ ನಡುವೆ ತನ್ನ ಅಂಟನ್ನು ಸುರಿಸಿಬಿಟ್ಟಿತು! ಬಾಳಿನಲ್ಲಿ ಒಮ್ಮೆ ತೆಗೆದುಕೊಳ್ಳುವ ತೀರ್ಮಾನವನ್ನು ಒಂದು ಹುಸಿ ಎಳೆತಕ್ಕೆ ತೆಗೆದುಕೊಂಡ ಆ ಕೋಶಗಳ ಬಗ್ಗೆ ನನಗೆ ಮರುಕ ಹುಟ್ಟಿತು ಎಂದರೆ ನಂಬಿ.

ಗೋಡೆಯ ಹತ್ತಿರ ಹೋಗುವುದೂ ಸಣ್ಣ ಸಾಹಸವಲ್ಲ. ಅಷ್ಟು ಚಿಕ್ಕ ಜೀವಿಗೆ ನೀರು ನಮ್ಮ ನೀರಿನಂತೆ ಇರುವುದಿಲ್ಲ, ಗಟ್ಟಿ ಬೆಲ್ಲದ ಪಾಕದಂತೆ ಇರುತ್ತದೆ. ಎಡ್ವರ್ಡ್ ಪರ್ಸೆಲ್ ಎಂಬ ಭೌತವಿಜ್ಞಾನಿ 1977ರಲ್ಲಿ ಒಂದು ಲೆಕ್ಕ ಮಾಡಿ ತೋರಿಸಿದರು. ಈಜುತ್ತಿರುವ ಬ್ಯಾಕ್ಟೀರಿಯಾ ಬಾಲ ತಿರುಗಿಸುವುದನ್ನು ನಿಲ್ಲಿಸಿದರೆ ಎಷ್ಟು ದೂರ ಜಾರಿ ಹೋಗಿ ನಿಲ್ಲುತ್ತದೆ? ದೋಣಿಯಾದರೆ ಹುಟ್ಟು ಹಾಕುವುದು ನಿಂತ ಮೇಲೂ ಮಾರುಗಟ್ಟಲೆ ಹೋಗುತ್ತದೆ. ಬ್ಯಾಕ್ಟೀರಿಯಾ ಹೋಗುವುದು ಒಂದು ಪರಮಾಣುವಿನ ಅಗಲಕ್ಕಿಂತಲೂ ಕಡಿಮೆ. ಬಾಲ ನಿಂತಲ್ಲೇ ಮೈಯೂ ನಿಂತ ಹಾಗೆ. ಇನ್ನು ಗೋಡೆಗೆ ತಾಗಿದ ನೀರಂತೂ ಹರಿಯುವುದೇ ಇಲ್ಲ. ನಲ್ಲಿಯನ್ನು ಪೂರ್ತಿ ತಿರುಗಿಸಿ, ನೀರು ಭೋರ್ಗರೆಯಲಿ, ಕೊಳವೆಯ ಒಳಮೈಗೆ ತಾಗಿದ ಪದರದ ವೇಗ ಸೊನ್ನೆ. ಅದರ ಮೇಲಿನ ಪದರ ತುಸು ಸರಿಯುತ್ತದೆ, ಅದರ ಮೇಲಿನದು ಇನ್ನೂ ತುಸು. ಬ್ಯಾಕ್ಟೀರಿಯಾದ ಎತ್ತರದಲ್ಲಿ ನಿಂತು ನೋಡಿದರೆ ತಲೆಯ ಮೇಲೆಲ್ಲೋ ದೂರದಲ್ಲಿ ಪ್ರವಾಹ ಮೊರೆಯುತ್ತಿದೆ, ಕಾಲ ಬುಡದಲ್ಲಿ ನೀರು ಅಲುಗುತ್ತಲೂ ಇಲ್ಲ.

ನಮ್ಮಮ್ಮನಿಗೆ ಈ ಭೌತಶಾಸ್ತ್ರ ಯಾರೂ ಹೇಳಿಕೊಟ್ಟಿರಲಿಲ್ಲ. ನೀರು ಬಿಡುವ ದಿನ ಬೆಳಗ್ಗೆ ಬಿಂದಿಗೆಗಳನ್ನೆಲ್ಲ ಹಿತ್ತಿಲಿಗೆ ಇಳಿಸಿ ಹುಣಸೆಹಣ್ಣು, ಬೂದಿ, ತೆಂಗಿನ ನಾರು ಹಿಡಿದು ಕೂರುತ್ತಿದ್ದಳು. ನಾನು ಎರಡು ಸಲ ನೀರು ಹಾಕಿ ಕುಲುಕಿ ಚೆಲ್ಲಿ ಆಯ್ತಮ್ಮ ಎಂದರೆ ಒಳಗೆ ಕೈ ಹಾಕಿ ನೋಡಿ, "ತೊಳೆದ್ರೆ ಹೋಗಲ್ಲ ಕಣೇ ಅದು, ಉಜ್ಜಬೇಕು" ಅನ್ನುತ್ತಿದ್ದಳು. ಈಗ ನೆನೆದರೆ ಮೈ ಜುಮ್ಮೆನ್ನುತ್ತದೆ. ಕೊಡದ ಒಳಮೈಗೆ ತಾಗಿದ ನೀರು ಹರಿಯುವುದಿಲ್ಲ, ಆದ್ದರಿಂದ ಅದರೊಳಗೆ ನಾರೇ ಹೋಗಬೇಕು ಎಂಬುದನ್ನು ಅವಳ ಬೆರಳು ಕಂಡುಕೊಂಡಿತ್ತು. ಕುಡಿಯುವ ನೀರಿಗೆ ಮಾತ್ರ ತಾಮ್ರದ ಬಿಂದಿಗೆಯೇ ಆಗಬೇಕು ಎಂಬುದು ಅವಳ ಹಟ. ಬೆಂಗಳೂರಿನ ಆಯುರ್ವೇದ ಸಂಶೋಧನಾ ಸಂಸ್ಥೆಯೊಂದರ ಪದ್ಮಾ ವೆಂಕಟಸುಬ್ರಮಣಿಯನ್ ಮತ್ತು ಜೊತೆಗಾರರು 2012ರಲ್ಲಿ ಪ್ರಕಟಿಸಿದ ಅಧ್ಯಯನ ಓದಿದಾಗ ಆ ಹಟವೇ ಕಣ್ಮುಂದೆ ಬಂತು. ಕಾಲರಾ, ಟೈಫಾಯ್ಡ್, ಭೇದಿಯ ಬ್ಯಾಕ್ಟೀರಿಯಾಗಳನ್ನು ಬೇಕೆಂದೇ ಬೆರೆಸಿದ ನೀರನ್ನು 16 ಗಂಟೆ ತಾಮ್ರದ ಪಾತ್ರೆಯಲ್ಲಿಟ್ಟು ಪರೀಕ್ಷಿಸಿದರೆ ಒಂದೂ ಬದುಕಿ ಸಿಗಲಿಲ್ಲ. ನೀರಿಗಿಳಿದಿದ್ದ ತಾಮ್ರದ ಅಂಶವೂ ಕುಡಿಯಲು ಅಡ್ಡಿಯಿಲ್ಲದಷ್ಟು ಕಡಿಮೆ. ಲೋಹ ಎಂದರೆ ಎಲ್ಲವೂ ಒಂದೇ ಅಲ್ಲ. ತಾಮ್ರದ ಪಕ್ಕದಲ್ಲೇ ಇಟ್ಟ ಸ್ಟೀಲು ಬ್ಯಾಕ್ಟೀರಿಯಾಕ್ಕೆ ಜಗುಲಿ.

ಸ್ಟೀಲು, ಪ್ಲಾಸ್ಟಿಕ್ಕುಗಳ ಮೇಲೆ ಎಷ್ಟು ಅಂಟಿದೆ ಎಂದು ಅಳೆಯುವುದನ್ನು ಕಣ್ಣಾರೆ ನೋಡಬೇಕೆಂಬ ಆಸೆಯಿಂದ ಸೂಕ್ಷ್ಮಜೀವಶಾಸ್ತ್ರ ಪಾಠ ಮಾಡುವ ಗೆಳತಿಯ ಬೆನ್ನು ಬಿದ್ದೆ. ಒಂದು ಮಧ್ಯಾಹ್ನ ಲ್ಯಾಬಿಗೆ ಕರೆದಳು. ಮೇಜಿನ ಮೇಲೆ ಅಂಗೈಯಗಲದ ಪ್ಲಾಸ್ಟಿಕ್ ತಟ್ಟೆ, ಅದರಲ್ಲಿ ಚೆನ್ನೆಮಣೆಯ ಹಾಗೆ ಸಾಲು ಸಾಲು ಗುಳಿಗಳು, ಎಂಟು ಸಾಲು, ಸಾಲಿಗೆ ಹನ್ನೆರಡು, ಒಟ್ಟು 96. ಹಿಂದಿನ ದಿನ ಎಲ್ಲ ಗುಳಿಗೂ ಸಾರು ತುಂಬಿ ಬ್ಯಾಕ್ಟೀರಿಯಾ ಬಿಟ್ಟಿದ್ದಳು. ಈಗ ತಟ್ಟೆಯನ್ನು ಬೋರಲು ಹಾಕಿ ಸಾರನ್ನೆಲ್ಲ ಚೆಲ್ಲಿದಳು. ನೀರಿನಲ್ಲಿ ಎರಡು ಸಲ ಜಾಲಿಸಿದಳು. ನೋಡಿದರೆ ಏನೂ ಇಲ್ಲ, ಅಂಗಡಿಯಿಂದ ತಂದ ಹೊಸ ತಟ್ಟೆಯಂತೆ ಫಳಫಳ.

"ಖಾಲಿ ಅಲ್ವೇನೇ?" ಎಂದೆ.

"ತಾಳು," ಎಂದು ಒಂದೊಂದೇ ಗುಳಿಗೆ ನೇರಳೆ ಬಣ್ಣದ ದ್ರವ ಬಿಟ್ಟಳು. ಕ್ರಿಸ್ಟಲ್ ವಯೊಲೆಟ್. ಬೇರೇನಲ್ಲ, ಚಿಕ್ಕವರಿದ್ದಾಗ ಬಾಯಿಹುಣ್ಣಿಗೆ, ತರಚಿದ ಮೊಣಕಾಲಿಗೆ ಹಚ್ಚುತ್ತಿದ್ದರಲ್ಲ, ಆ ಜೆನ್ಷನ್ ವಯೊಲೆಟ್ಟಿನಲ್ಲಿ ಇರುವುದೂ ಇದೇ. ಹತ್ತು ಹದಿನೈದು ನಿಮಿಷ ಬಿಟ್ಟು ಮತ್ತೆ ಚೆಲ್ಲಿದಳು, ಮತ್ತೆ ಜಾಲಿಸಿದಳು. ನೀರು ನೇರಳೆಯಿಂದ ತಿಳಿಯಾಗುವವರೆಗೂ ಜಾಲಿಸಿದಳು. ಆಮೇಲೆ ತಟ್ಟೆಯನ್ನು ಕಿಟಕಿಯ ಬೆಳಕಿಗೆ ಎತ್ತಿ ಹಿಡಿದು, "ಈಗ ನೋಡೇ" ಅಂದಳು.

ಅಬ್ಬಾ! ಗುಳಿ ಗುಳಿಯಲ್ಲೂ ಒಂದೊಂದು ನೇರಳೆ ಉಂಗುರ. ನಿನ್ನೆ ಸಾರಿನ ಮಟ್ಟ ಎಲ್ಲಿತ್ತೋ ಸರಿಯಾಗಿ ಅಲ್ಲಿ, ಗಾಳಿಯೂ ನೀರೂ ಗೋಡೆಯೂ ಸೇರುವ ಗೆರೆಯಲ್ಲಿ, ಬಳೆ ತೊಡಿಸಿದ ಹಾಗೆ ಸುತ್ತಿಕೊಂಡಿತ್ತು. ಖಾಲಿ ಎಂದು ನಾನು ಹೇಳಿದ್ದ ಜಾಗದಲ್ಲಿ ಲಕ್ಷೋಪಲಕ್ಷ ಜೀವಿಗಳು ಸಾಲುಗಟ್ಟಿ ಹಿಡಿದು ಕೂತಿದ್ದವು. ಒಂದೆರಡು ಸಾಲುಗಳಲ್ಲಿ ಮಾತ್ರ ಉಂಗುರವೇ ಇಲ್ಲ. ಅವು ಅಂಟುವ ಶಕ್ತಿ ಕಳೆದುಕೊಂಡ ತಳಿಗಳು ಎಂದಳು. 1990ರ ದಶಕದ ಕೊನೆಯಲ್ಲಿ ಹಾರ್ವರ್ಡ್ ವೈದ್ಯಕೀಯ ಶಾಲೆಯಲ್ಲಿ ಜಾರ್ಜ್ ಒಟೂಲ್ ಮತ್ತು ರೊಬೆರ್ಟೊ ಕೋಲ್ಟರ್ ಇದೇ ಬಗೆಯ ತಟ್ಟೆಗಳಲ್ಲಿ ಉಂಗುರ ಕಟ್ಟದ ಗುಳಿಗಳನ್ನು ಹುಡುಕುತ್ತ ಹೋಗಿ, ಬ್ಯಾಕ್ಟೀರಿಯಾ ಅಂಟಲು ಯಾವ ಯಾವ ಜೀನ್ ಬೇಕು ಎಂದು ಒಂದೊಂದಾಗಿ ಪತ್ತೆ ಹಚ್ಚಿದರು. ಅಂಟುವುದು ಧೂಳು ಕೂತಂತೆ ತಾನಾಗಿ ಆಗುವ ಸಂಗತಿಯಲ್ಲ, ಅದಕ್ಕೆ ಅಂಗಾಂಗ ಬೇಕು, ತಯಾರಿ ಬೇಕು ಎಂಬುದು ಆ ಖಾಲಿ ಗುಳಿಗಳಿಂದ ಸ್ಪಷ್ಟವಾಯಿತು. ಕೊನೆಗೆ ಆ ಉಂಗುರವನ್ನು ಆಮ್ಲದಲ್ಲಿ ಕರಗಿಸಿ, ಯಂತ್ರದಲ್ಲಿಟ್ಟು, ಎಷ್ಟು ಬೆಳಕನ್ನು ಅದು ತಡೆಯುತ್ತದೆ ಎಂದು ಅಳೆಯುತ್ತಾರೆ. ಬಣ್ಣ ಗಾಢವಾದಷ್ಟೂ ಅಂಟಿದ್ದು ಹೆಚ್ಚು.

ಸ್ಟೀಲಿಗೆ ದಾರಿ ಬೇರೆ. ಅಂಗಿ ಗುಂಡಿಯಷ್ಟಗಲದ ಸ್ಟೀಲಿನ ಬಿಲ್ಲೆಗಳನ್ನು ನೀರು ಸುತ್ತುವ ಪಾತ್ರೆಯಲ್ಲಿ ನೇತುಬಿಟ್ಟು, ದಿನ ಕಳೆದ ಮೇಲೆ ತೆಗೆದು, ಕಿವಿಗೆ ಕೇಳಿಸದ ಶಬ್ದದ ಅಲೆಗಳಿಂದ ಅಲುಗಾಡಿಸಿ ಬಿಡಿಸುತ್ತಾರೆ. ಬಿಡಿಸಿದ್ದನ್ನು ಹತ್ತು ಪಾಲು, ನೂರು ಪಾಲು, ಸಾವಿರ ಪಾಲು ತೆಳು ಮಾಡಿ ಅಗಾರ್ ತಟ್ಟೆಯ ಮೇಲೆ ಹರಡಿ ಮಾರನೆಯ ದಿನ ಮೂಡುವ ಚುಕ್ಕೆಗಳನ್ನು ಎಣಿಸುತ್ತಾರೆ. ಬಣ್ಣ ಸತ್ತದ್ದನ್ನೂ ಲೆಕ್ಕ ಹಿಡಿಯುತ್ತದೆ, ಚುಕ್ಕೆ ಬದುಕಿದ್ದನ್ನು ಮಾತ್ರ ಹೇಳುತ್ತದೆ. ಹಾಗಾಗಿ ಒಂದೇ ಮೇಲ್ಮೈಗೆ ಎರಡು ಅಳತೆ, ಎರಡು ಉತ್ತರ, ಎರಡೂ ನಿಜ.

ಗೆಳತಿ ತೋರಿಸಿದ ಇನ್ನೊಂದು ಸಂಗತಿ ತಲೆಯಿಂದ ಹೋಗುತ್ತಿಲ್ಲ. ಹಾಲಿನ ಡೈರಿಯಂಥ ಕಡೆ ಆಹಾರ ತಾಗುವ ಸ್ಟೀಲಿನ ಉಬ್ಬುತಗ್ಗು ಸರಾಸರಿ 0.8 ಮೈಕ್ರೋಮೀಟರಿಗಿಂತ ಹೆಚ್ಚಿರಬಾರದು ಎಂಬ ಕಟ್ಟಳೆ ಚಾಲ್ತಿಯಲ್ಲಿದೆ. ಯಾಕೆ 0.8? ಬ್ಯಾಕ್ಟೀರಿಯಾದ ಗಾತ್ರ ಹತ್ತಿರ ಹತ್ತಿರ ಒಂದು ಮೈಕ್ರೋಮೀಟರ್. ಅದಕ್ಕಿಂತ ಆಳದ ಗೀರು ಅದಕ್ಕೆ ಸೈನಿಕ ಅವಿತುಕೊಳ್ಳುವ ಕಂದಕ. ಅಲ್ಲಿಗೆ ಬ್ರಷ್ಷಿನ ಕೂದಲು ಮುಟ್ಟುವುದಿಲ್ಲ. ಪ್ಲಾಸ್ಟಿಕ್ ಡಬ್ಬವನ್ನು ಸ್ಟೀಲಿನ ನಾರಿನಿಂದ ಗಸಗಸ ಉಜ್ಜುತ್ತೇವಲ್ಲ, ಇವತ್ತಿನವನ್ನು ಓಡಿಸುತ್ತ ನಾಳೆ ಬರುವವಕ್ಕೆ ಮನೆ ತೋಡಿಡುತ್ತಿದ್ದೇವೆ!

ಪ್ಲಾಸ್ಟಿಕ್ಕೋ ಲೋಹವೋ ನಮ್ಮ ಮೈಯೊಳಗೇ ಹೋದಾಗ ಕಥೆಗೆ ಬೇರೆಯೇ ತಿರುವು. ರಕ್ತನಾಳಕ್ಕೆ ಹಾಕಿದ ಕ್ಯಾತಿಟರ್, ಮುರಿದ ಮೂಳೆಗೆ ಕೂರಿಸಿದ ತಿರುಪು, ಇವನ್ನು ರಕ್ತ ಮುಟ್ಟಿದ ಕೂಡಲೇ ನಮ್ಮದೇ ಪ್ರೋಟೀನುಗಳು ಬಂದು ಅವುಗಳ ಮೈಗೆ ಮೆತ್ತಿಕೊಳ್ಳುತ್ತವೆ. ಅದರಲ್ಲಿ ಫೈಬ್ರಿನೊಜೆನ್ ಒಂದು, ಗಾಯವಾದಾಗ ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನು. ನಮ್ಮೆಲ್ಲರ ಚರ್ಮದ ಮೇಲೆ ಸಾಧುವಾಗಿ ಬಾಳುವ ಸ್ಟ್ಯಾಫಿಲೊಕಾಕಸ್ ಎಪಿಡರ್ಮಿಡಿಸ್ ಎಂಬ ಬ್ಯಾಕ್ಟೀರಿಯಾ ಹಿಡಿದುಕೊಳ್ಳುವುದು ಇದನ್ನೇ. ಅಂದರೆ ಅದು ಅಂಟುವುದು ಪ್ಲಾಸ್ಟಿಕ್ಕಿಗಲ್ಲ, ಪ್ಲಾಸ್ಟಿಕ್ಕಿನ ಮೇಲೆ ನಾವೇ ಹಾಸಿಕೊಟ್ಟ ಚಾಪೆಗೆ. ಆ ಹಿಡಿತವನ್ನು ಮ್ಯೂನಿಕ್‌ನ ಹರ್ಮನ್ ಗೌಬ್ ಅವರ ತಂಡ ಒಂದೇ ಒಂದು ಅಣುವಿನ ಮಟ್ಟದಲ್ಲಿ ಅಳೆದು 2018ರಲ್ಲಿ ಪ್ರಕಟಿಸಿತು. ಉಪಕರಣ ಅಟಾಮಿಕ್ ಫೋರ್ಸ್ ಮೈಕ್ರೋಸ್ಕೋಪ್. 1986ರಲ್ಲಿ ಬಿನ್ನಿಗ್, ಕ್ವೇಟ್, ಗರ್ಬರ್ ಎಂಬ ಮೂವರು ಕಂಡುಹಿಡಿದದ್ದು. ಪರಮಾಣುಗಳನ್ನು ತಡವಿ ನೋಡುವಷ್ಟು ಮೊನಚಾದ ಸೂಜಿ, ಸೂಜಿಯ ಹಿಂದೆ ಬಳುಕುವ ಪಟ್ಟಿ. ಮತ್ತದೇ ಬಳುಕುವ ಪಟ್ಟಿ, ಮತ್ತದೇ ಸ್ಪ್ರಿಂಗ್ ತಕ್ಕಡಿ! ಒಂದು ಪ್ರೋಟೀನು ಇನ್ನೊಂದನ್ನು ಹಿಡಿದ ಪಟ್ಟು ಬಿಡಿಸಲು ಎರಡು ನ್ಯಾನೊನ್ಯೂಟನ್‌ಗೂ ಹೆಚ್ಚಿನ ಬಲ ಬೇಕಾಯಿತು. ಅಷ್ಟು ಎಳೆದರೆ ಅಣುವಿನೊಳಗೆ ಪರಮಾಣುಗಳನ್ನು ಹೊಲಿದಿರುವ ಕೋವಲೆಂಟ್ ಬಂಧವೇ ಹರಿಯುವ ಸ್ಥಿತಿಗೆ ಬರುತ್ತದೆ. ಬೀಗ ಬಿಡುವ ಮೊದಲು ಬಾಗಿಲೇ ಮುರಿಯುವ ಹಾಗೆ.

ಇನ್ನೊಂದು ಹಿಡಿತದ ಮಾತು ಹೇಳಿಬಿಡುತ್ತೇನೆ. ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ವೆಂಡಿ ಥಾಮಸ್ ಮತ್ತು ಜೊತೆಗಾರರು 2002ರಲ್ಲಿ ಇ. ಕೋಲಿ ಬ್ಯಾಕ್ಟೀರಿಯಾದ ಮೇಲೆ ನೀರು ಹರಿಸಿ ನೋಡಿದರು. ನಿಧಾನಕ್ಕೆ ಹರಿಸಿದಾಗ ಬ್ಯಾಕ್ಟೀರಿಯಾ ಸಡಿಲವಾಗಿ ಜಾರುತ್ತಿದ್ದವು. ಜೋರಾಗಿ ಹರಿಸಿದರೆ ಕೊಚ್ಚಿ ಹೋಗಬೇಕಲ್ಲವೆ? ಗಟ್ಟಿಯಾಗಿ ಹಿಡಿದು ನಿಂತವು! ಎಳೆದಷ್ಟೂ ಬಿಗಿಯುವ ಹಿಡಿತ. ಬಾವಿಗೆ ಕೊಡ ಇಳಿಸುವಾಗ ಅದರ ಕುತ್ತಿಗೆಗೆ ಹಾಕುವ ಜೀರುಗುಣಿಕೆಯೂ ಹೀಗೆಯೇ ಅಲ್ಲವೆ, ಭಾರ ಬಿದ್ದಷ್ಟೂ ಬಿಗಿ. ಮೂತ್ರನಾಳದಲ್ಲಿ ಬೀಡುಬಿಡುವ ಜೀವಿಗೆ ಇಂಥ ಗಂಟು ಯಾಕೆ ಬೇಕು ಎಂದು ಬಿಡಿಸಿ ಹೇಳಬೇಕಿಲ್ಲ.

ಇಷ್ಟೆಲ್ಲ ಹಿಡಿತಗಳ ಎದುರಿಗೆ ಒಂದು ಹುಳದ ರೆಕ್ಕೆ ನಿಂತಿದೆ. ಬೇಸಿಗೆಯಲ್ಲಿ ಮಲೆನಾಡಿನ ಮರಗಳಲ್ಲಿ ಕಿವಿ ಗುಂಯ್ ಎನ್ನುವಂತೆ ಕೂಗುವ ಜೀರುಂಡೆಯ ನೆಂಟ, ಆಸ್ಟ್ರೇಲಿಯಾದ ಜೀರುಂಡೆಯೊಂದರ ಗಾಜಿನಂಥ ರೆಕ್ಕೆ. ಮೆಲ್ಬರ್ನ್‌ನ ಸ್ವಿನ್‌ಬರ್ನ್ ವಿಶ್ವವಿದ್ಯಾಲಯದ ಎಲೆನಾ ಇವನೋವಾ ಮತ್ತು ಜೊತೆಗಾರರು ಅದರ ಮೇಲೆ ಬ್ಯಾಕ್ಟೀರಿಯಾ ಬಿಟ್ಟು ನೋಡಿದರು. ರೆಕ್ಕೆಗೆ ಅವು ಅಂಟುವುದೇ ಇಲ್ಲ, ಅದಕ್ಕೇ ಅಷ್ಟು ಶುಭ್ರ ಎಂದುಕೊಂಡಿದ್ದರೆ ತಪ್ಪು. ಚೆನ್ನಾಗಿಯೇ ಅಂಟಿದವು. ಅಂಟಿ ಸತ್ತವು. ರೆಕ್ಕೆಯ ಮೈತುಂಬ ಬ್ಯಾಕ್ಟೀರಿಯಾಕ್ಕಿಂತಲೂ ಎಷ್ಟೋ ಚಿಕ್ಕದಾದ ಮೊಂಡು ಮೊಳೆಗಳು ಒತ್ತೊತ್ತಾಗಿ ನಿಂತಿವೆ. ಕೂತ ಬ್ಯಾಕ್ಟೀರಿಯಾ ಆ ಮೊಳೆಗಳನ್ನು ಅಪ್ಪಿ ಹಿಡಿಯುತ್ತದೆ. ಮೊಳೆ ಮೊಳೆಯ ನಡುವೆ ಅದರ ಹೊರಪೊರೆ ಜಗ್ಗುತ್ತದೆ, ಜಗ್ಗಿ ಜಗ್ಗಿ ಹರಿಯುತ್ತದೆ. ವಿಷವಿಲ್ಲ, ಔಷಧಿಯಿಲ್ಲ. ಅದರ ಹಿಡಿತವೇ ಅದನ್ನು ಹರಿದುಹಾಕುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೌಶಿಕ್ ಚಟರ್ಜಿ ಮತ್ತು ಜಾಫರ್ ಹಸನ್ ಟೈಟಾನಿಯಂ ಲೋಹದ ಮೇಲೆ ಅಂಥ ಸೂಕ್ಷ್ಮ ಮೊಳೆಗಳನ್ನು ಕೆತ್ತಿ, ಮೂಳೆಗೆ ಕೂರಿಸುವ ಸಾಮಗ್ರಿಗೆ ಇದು ಒದಗೀತೇ ಎಂದು ಪರೀಕ್ಷಿಸಿ 2017ರಲ್ಲಿ ವರದಿ ಮಾಡಿದ್ದಾರೆ. ಬೆಳಕನ್ನೆಲ್ಲ ನುಂಗಿ ಆ ಲೋಹ ಕಪ್ಪಗೆ ಕಾಣುತ್ತದಂತೆ.

ನನ್ನನ್ನು ಕುರ್ಚಿಯಿಂದ ಎಬ್ಬಿಸಿದ್ದು ಮಾತ್ರ ಮೆಲ್ಬರ್ನ್‌ನವರ ಇನ್ನೊಂದು ಅಳತೆ. ರೆಕ್ಕೆಯ ಮೇಲೆ ಕೂತ ಬ್ಯಾಕ್ಟೀರಿಯಾದ ನೆತ್ತಿಗೆ ಅವರು ಅಟಾಮಿಕ್ ಫೋರ್ಸ್ ಮೈಕ್ರೋಸ್ಕೋಪಿನ ಆ ಮೊನಚು ಸೂಜಿಯನ್ನು ತಾಗಿಸಿ ಇಟ್ಟರು. ಕೆಲವು ನಿಮಿಷ ಸೂಜಿ ಇದ್ದಲ್ಲೇ ಇತ್ತು. ಆಮೇಲೆ ದಿಢೀರನೆ ಕೆಳಗೆ ಕುಸಿಯಿತು. ಪೊರೆ ಹರಿದ ಕ್ಷಣ! ಗಾಜಿನ ಎಳೆ ಬಾಗಿದ್ದನ್ನು ನೋಡಿ ಒಂದು ಕೋಶದ ಪಟ್ಟನ್ನು ಅಳೆದವರು ಕೆಲವರು, ಸೂಜಿ ಕುಸಿದದ್ದನ್ನು ನೋಡಿ ಒಂದು ಕೋಶದ ಸಾವನ್ನು ಅಳೆದವರು ಇವರು.

ಇನ್ನೂ ಒಂದಿದೆ. ಕಾಲೊಬ್ಯಾಕ್ಟರ್‌ನ ಅಂಟಿನಲ್ಲಿ ಎನ್-ಅಸಿಟೈಲ್‌ಗ್ಲುಕೋಸಮೈನ್ ಎಂಬ ಸಕ್ಕರೆಯ ಸರಪಣಿಗಳಿವೆ. ಅದೇ ಸಕ್ಕರೆಯ ಸರಪಣಿಗೆ ಕೈಟಿನ್ ಎಂದು ಹೆಸರು. ಸೀಗಡಿಯ ಚಿಪ್ಪು ಅದರಿಂದಾದದ್ದು, ಜೀರುಂಡೆಯ ರೆಕ್ಕೆಯೂ ಅದರಿಂದಾದದ್ದು. ಬಿಡದೆ ಹಿಡಿಯುವ ಅಂಟಿಗೂ ಹಿಡಿದವರನ್ನು ಹರಿಯುವ ರೆಕ್ಕೆಗೂ ಒಂದೇ ಸಕ್ಕರೆ!

ಕಳೆದ ಬೇಸಿಗೆಯಲ್ಲಿ ಊರಿಗೆ ಹೋಗಿದ್ದಾಗ ಹಲಸಿನ ಮರದ ಬುಡದಲ್ಲಿ ಸತ್ತ ಜೀರುಂಡೆಯೊಂದು ಸಿಕ್ಕಿತು. ಒಂದು ರೆಕ್ಕೆ ಬಿಡಿಸಿಕೊಂಡು ಜಗುಲಿಗೆ ಬಂದು, ಚೊಂಬಿನಿಂದ ಬೆರಳದ್ದಿ ಅದರ ಮೇಲೆ ಒಂದು ಹನಿ ನೀರು ಬಿಟ್ಟೆ. ಹನಿ ಹರಡಲಿಲ್ಲ. ಮಣಿಯ ಹಾಗೆ ಗುಂಡಗೆ ನಿಂತಿತು. ರೆಕ್ಕೆಯನ್ನು ಚೂರು ವಾಲಿಸಿದೆ, ಹನಿ ಉರುಳಿ ಅಂಗಳಕ್ಕೆ ಬಿತ್ತು. ಅದರೊಳಗಿದ್ದ ಯಾವ ಈಜುಗಾರ್ತಿಯಾದರೂ ಗಾಳ ಎಸೆದು, ಎಳೆ ಬಿಗಿದು, ಅಲ್ಲೇ ಉಳಿದುಕೊಂಡಳೋ ಎಂದು ರೆಕ್ಕೆಯನ್ನು ಬಿಸಿಲಿಗೆ ಹಿಡಿದು ನೋಡಿದೆ. ಅದರಾಚೆ ಅಮ್ಮ ಹಿತ್ತಿಲಲ್ಲಿ ಬಿಂದಿಗೆ ಉಜ್ಜುತ್ತಿದ್ದದ್ದು ಕಾಣಿಸಿತು.